ಕುಮಾರ ಪರ್ವತಕ್ಕೆ ಯಾವ ವಾಚು ಕಟ್ಟಿಕೊಂಡು ಹೋಗಲಿ?

"ಜಿಪಿಎಸ್ ವಾಚ್ ತಗೋಬೇಕು ಅಂತಿದೀನಿ, ಯಾವುದು ಒಳ್ಳೇದು?" ಅಕ್ಟೋಬರ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ನನ್ನ ಮೇಜಿನ ಹತ್ತಿರ ಬರುತ್ತದೆ. ಮಳೆ ಕಡಿಮೆಯಾಗಿ ಚಾರಣದ ಕಾಲ ಶುರುವಾಗುವ ಹೊತ್ತು, ಜೊತೆಗೆ ಹಬ್ಬದ ಆಫರುಗಳು. ಕೇಳುವವರಿಗೆ ನನ್ನಿಂದ ಬೇಕಾಗಿರುವುದು ಒಂದು ಬ್ರ್ಯಾಂಡಿನ ಹೆಸರು. ನಾನು ಮಾತ್ರ ತಿರುಗಿ ಕೇಳುತ್ತೇನೆ, "ಯಾವ ಬೆಟ್ಟಕ್ಕೆ ಹೋಗ್ತೀರ? ಯಾರ ಜೊತೆ?"

ಕೆಲವರು ಇದನ್ನು ಕೊಂಕು ಅಂದುಕೊಳ್ಳುತ್ತಾರೆ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಎಲ್ಲ ವಾಚುಗಳೂ ಒಂದೇ ಥರ ಹೊಳೆಯುತ್ತವೆ. ಓಟ, ಸೈಕಲ್, ಈಜು, ಚಾರಣ, ಗಾಲ್ಫ್, ಹಿಮದ ಮೇಲೆ ಜಾರುವ ಆಟ, ಎಲ್ಲ ಇದೆ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ಬೆಲೆ ನೋಡಿದರೆ ಇಪ್ಪತ್ತು ಸಾವಿರದಿಂದ ಲಕ್ಷದವರೆಗೆ. ವ್ಯತ್ಯಾಸ ಗೊತ್ತಾಗುವುದು ಬೆವರು, ಮಂಜು, ದಟ್ಟ ಕಾಡು, ಸುಸ್ತು ಇವೆಲ್ಲ ಸೇರಿದ ಜಾಗದಲ್ಲಿ. ನಮ್ಮ ಕರ್ನಾಟಕದಲ್ಲಿ ಅಂಥ ಜಾಗ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ಹಿಂದೆಯೇ ಇದೆ, ಕುಮಾರ ಪರ್ವತ.

1712 ಮೀಟರ್ ಎತ್ತರದ ಶಿಖರ. ಆ ಸಂಖ್ಯೆ ಕೇಳಿದರೆ ಮುಳ್ಳಯ್ಯನಗಿರಿಗಿಂತ ಕಡಿಮೆ ತಾನೇ ಅನ್ನಿಸಬಹುದು. ಆದರೆ ಮುಳ್ಳಯ್ಯನಗಿರಿಯಲ್ಲಿ ಜೀಪು ನಿಮ್ಮನ್ನು ಹೆಚ್ಚೂಕಮ್ಮಿ ಮೇಲಕ್ಕೇ ತಂದು ಬಿಡುತ್ತದೆ. ಇಲ್ಲಿ ನಡಿಗೆ ಶುರುವಾಗುವುದೇ ತಪ್ಪಲಿನಿಂದ, ಕರಾವಳಿಯ ಸೆಖೆ ಇರುವ ಜಾಗದಿಂದ. ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು, ಅದನ್ನೆಲ್ಲ ನಿಮ್ಮ ಕಾಲೇ ಏರಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದಲೂ ಒಂದು ದಾರಿ ಇದೆ, ಅದು ಚಿಕ್ಕದು. ಕುಕ್ಕೆಯ ದಾರಿಯೇ ನಿಜವಾದ ಪರೀಕ್ಷೆ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೀಬೇಕು. ಚಾರಣ ಮುಚ್ಚಿರುವ ತಿಂಗಳುಗಳೂ ಇವೆ, ನಿಯಮಗಳೂ ಬದಲಾಗುತ್ತಿರುತ್ತವೆ, ನೋಡಿಕೊಂಡೇ ಹೊರಡಿ.

ದಾರಿ ಮೂರು ಭಾಗ ಅಂದುಕೊಳ್ಳಿ. ಮೊದಲು ಕಾಡು. ಆಕಾಶವೇ ಕಾಣದಂಥ ಕಾಡು, ಬೇರುಗಳೇ ಮೆಟ್ಟಿಲು. ನಡುವೆ ಭೀಮನ ಕಲ್ಲು ಅಂತ ಒಂದು ದೊಡ್ಡ ಬಂಡೆ, ಎಲ್ಲರೂ ಅಲ್ಲಿ ಕೂತು ನೀರು ಕುಡೀತಾರೆ. ಕಾಡು ಮುಗಿದರೆ ಗಿರಿಗದ್ದೆಯ ಭಟ್ಟರ ಮನೆ, ಎಷ್ಟೋ ವರ್ಷಗಳಿಂದ ಚಾರಣಿಗರಿಗೆ ಅನ್ನ ಸಾಂಬಾರು ಬಡಿಸಿದ ಮನೆ. ಅದರ ಹತ್ತಿರವೇ ಅರಣ್ಯ ಇಲಾಖೆಯ ತಪಾಸಣೆ. ಆಮೇಲೆ ಎರಡನೇ ಭಾಗ, ಬೋಳು ಹುಲ್ಲುಗಾವಲು. ನೆರಳು ಅನ್ನೋದೇ ಇಲ್ಲ. ಕಲ್ಲು ಮಂಟಪ ದಾಟಿ ಶೇಷ ಪರ್ವತದವರೆಗೆ ಬಿಸಿಲು ನೆತ್ತಿ ಸುಡುತ್ತದೆ. ಶೇಷ ಪರ್ವತದಿಂದ ಮತ್ತೆ ಇಳಿದು ಒಂದು ಪುಟ್ಟ ಶೋಲಾ ಕಾಡು, ಒಂದು ಬಂಡೆ, ಅದನ್ನು ಹತ್ತಿದರೆ ಶಿಖರ. ಕುಮಾರಧಾರಾ ನದಿ ಹುಟ್ಟುವ ಬೆಟ್ಟ ಇದು. ಹೋಗಿ ಬರೋಕೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು.

"ಆಸುಪಾಸು" ಅಂತ ಯಾಕೆ ಹೇಳಿದೆ ಅಂದರೆ, ಎರಡು ವರ್ಷದ ಹಿಂದೆ ನಾವು ಮೂವರು ಗೆಳೆಯರು ಒಟ್ಟಿಗೆ ಹೋಗಿ ಒಟ್ಟಿಗೆ ಬಂದೆವು. ಮೂವರ ಕೈಯಲ್ಲೂ ಬೇರೆ ಬೇರೆ ವಾಚು. ಕೆಳಗೆ ಬಂದು ಚಹಾ ಕುಡಿಯುವಾಗ ನೋಡಿದರೆ ಒಂದು 24.1 ಕಿ.ಮೀ. ಅನ್ನುತ್ತಿದೆ, ಇನ್ನೊಂದು 25.6, ಮೂರನೆಯದು 26.9. ಏರಿದ ಎತ್ತರದಲ್ಲಂತೂ ಇನ್ನೂರು ಮೀಟರ್ ವ್ಯತ್ಯಾಸ. ಮೂವರೂ ಎಂಜಿನಿಯರುಗಳು, ಸುಮ್ಮನಿರುತ್ತೇವಾ? ಕುಕ್ಕೆಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸಿನಲ್ಲಿ ಮಲಗೋದು ಬಿಟ್ಟು ಇದನ್ನೇ ಚರ್ಚಿಸಿದೆವು. ಹಿಂದಿನ ಸೀಟಿನ ಅಜ್ಜಿ ಕೊನೆಗೆ "ಲೈಟ್ ಆರಿಸ್ರಪ್ಪಾ" ಅಂದರು.

ವಿಷಯ ಇಷ್ಟು. ಜಿಪಿಎಸ್ ಉಪಗ್ರಹಗಳು ನಮ್ಮ ತಲೆ ಮೇಲೆ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಅಲ್ಲಿಂದ ಬರುವ ರೇಡಿಯೋ ಸಂಕೇತ ಹೊರಟದ್ದು ಯಾವಾಗ, ತಲುಪಿದ್ದು ಯಾವಾಗ ಅನ್ನೋ ಲೆಕ್ಕದಲ್ಲೇ ವಾಚು ನಿಮ್ಮ ಜಾಗ ಕಂಡುಹಿಡಿಯುತ್ತದೆ. ಸಂಕೇತ ಬರೋದು ಬೆಳಕಿನ ವೇಗದಲ್ಲಿ. ಸಮಯದ ಲೆಕ್ಕ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ನೆಲಕ್ಕೆ ಬರುವ ಹೊತ್ತಿಗೆ ಆ ಸಂಕೇತ ತೀರಾ ಕ್ಷೀಣ. ಒದ್ದೆ ಎಲೆಗಳು ಅದನ್ನು ಇನ್ನಷ್ಟು ಹೀರಿಕೊಳ್ಳುತ್ತವೆ. ಬಂಡೆಗೋ ಕಟ್ಟಡಕ್ಕೋ ಬಡಿದು ಬಂದ ಸಂಕೇತ ಸುತ್ತು ಹಾಕಿ ಬರುವುದರಿಂದ ನೀವು ಇರುವ ಜಾಗ ಬಿಟ್ಟು ಪಕ್ಕದ ಜಾಗ ತೋರಿಸುತ್ತದೆ. ಹೀಗಾಗಿ ಕಾಡಿನೊಳಗೆ ನೀವು ನೆಟ್ಟಗೆ ನಡೆದರೂ ವಾಚಿನ ಗೆರೆ ಕುಡಿದವನ ಹಾಗೆ ಅತ್ತಿತ್ತ ಓಲಾಡುತ್ತದೆ, ದೂರ ಹೆಚ್ಚು ಬರುತ್ತದೆ. ಇನ್ನೊಂದು ಕಡೆ, ಬ್ಯಾಟರಿ ಉಳಿಸೋಕೆ ಅಂತ ಅಪರೂಪಕ್ಕೊಮ್ಮೆ ಮಾತ್ರ ಜಾಗ ಗುರುತಿಸುವ ಸೆಟ್ಟಿಂಗ್ ಇಟ್ಟರೆ ದಾರಿಯ ತಿರುವುಗಳೆಲ್ಲ ಕತ್ತರಿಸಿ ಹೋಗಿ ದೂರ ಕಡಿಮೆ ಬರುತ್ತದೆ. 24.1 ಬಂದವನು ಇಟ್ಟಿದ್ದು ಅದನ್ನೇ.

ಇದಕ್ಕೆ ಪರಿಹಾರವಾಗಿ ಬಂದದ್ದು ಎರಡು ಆವರ್ತನದ ವಾಚುಗಳು. ಅಂಗಡಿಯವರು ಡ್ಯುಯಲ್ ಬ್ಯಾಂಡ್ ಅಥವಾ ಮಲ್ಟಿ ಬ್ಯಾಂಡ್ ಅಂತಾರೆ. ಒಂದೇ ಉಪಗ್ರಹದಿಂದ ಎಲ್1, ಎಲ್5 ಅನ್ನೋ ಎರಡು ಸಂಕೇತ ತೆಗೆದುಕೊಂಡು, ಬಡಿದು ಬಂದದ್ದು ಯಾವುದು, ನೇರ ಬಂದದ್ದು ಯಾವುದು ಅಂತ ಚೆನ್ನಾಗಿ ವಿಂಗಡಿಸುತ್ತವೆ. ಕುಮಾರ ಪರ್ವತದ ಮೊದಲ ಐದಾರು ಕಿಲೋಮೀಟರಿಗೆ ಇದು ನಿಜಕ್ಕೂ ಉಪಯೋಗ. ಹುಲ್ಲುಗಾವಲಿಗೆ ಬಂದ ಮೇಲೆ ಅದರ ಅಗತ್ಯವೇ ಇಲ್ಲ, ಬ್ಯಾಟರಿ ಮಾತ್ರ ಜಾಸ್ತಿ ತಿನ್ನುತ್ತದೆ. ಉದಾಹರಣೆಗೆ 2023ರಲ್ಲಿ ಬಂದ ಕೋರೋಸ್ ಪೇಸ್ 3 ಸಾಮಾನ್ಯ ಜಿಪಿಎಸ್‌ನಲ್ಲಿ 38 ಗಂಟೆ ಬರುತ್ತದೆ ಅಂತ ಕಂಪನಿ ಹೇಳಿದರೆ, ಎರಡು ಆವರ್ತನದಲ್ಲಿ 15 ಗಂಟೆ. ಅರ್ಧಕ್ಕಿಂತ ಕಡಿಮೆ!

ದುಡ್ಡು ಖರ್ಚಿಲ್ಲದ ಒಂದು ಉಪಾಯ ಹೇಳ್ತೀನಿ. ಉಪಗ್ರಹ ತಾನು ಎಲ್ಲಿದ್ದೇನೆ ಅನ್ನೋ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ. ನಮ್ಮ ಮೊಬೈಲ್ ಡೇಟಾಗೆ ಹೋಲಿಸಿದರೆ ಇದು ಎತ್ತಿನಗಾಡಿ. ಒಂದು ಉಪಗ್ರಹದ ಆ ವಿವರ ಪೂರ್ತಿ ಕೈಸೇರೋಕೆ ಅರ್ಧ ನಿಮಿಷವಾದರೂ ಬೇಕು. ಆದ್ದರಿಂದ ಹಿಂದಿನ ರಾತ್ರಿ ವಾಚನ್ನು ಫೋನಿಗೆ ಜೋಡಿಸಿ ಸಿಂಕ್ ಮಾಡಿ, ಆಗ ಉಪಗ್ರಹಗಳ ಪಟ್ಟಿ ಮೊದಲೇ ವಾಚಿಗೆ ಬಂದಿರುತ್ತದೆ. ಬೆಳಗ್ಗೆ ಕಾಡು ಹೊಗುವ ಮೊದಲು ಬಯಲಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಂತು, ಜಿಪಿಎಸ್ ಸಿಕ್ಕಿತು ಅಂತ ತೋರಿಸಿದ ಮೇಲೆ ನಡಿಗೆ ಶುರು ಮಾಡಿ. ಮರದ ಕೆಳಗೆ ನಿಂತು ಗುಂಡಿ ಒತ್ತಿ "ಛೇ, ಸಿಗ್ತಿಲ್ಲ" ಅನ್ನುವವರನ್ನು ಪ್ರತಿ ಸಲ ನೋಡ್ತೀನಿ.

ಎತ್ತರದ ಕಥೆ ಬೇರೆ. ಜಿಪಿಎಸ್ ಅಡ್ಡಡ್ಡ ಜಾಗವನ್ನು ಹೇಳುವಷ್ಟು ಚೆನ್ನಾಗಿ ಎತ್ತರವನ್ನು ಹೇಳೋದಿಲ್ಲ. ಅದಕ್ಕೇ ಚಾರಣಕ್ಕೆ ತಗೊಳ್ಳುವ ವಾಚಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆಯಾ ಅಂತ ನೋಡಬೇಕು. ನಮ್ಮ ಎತ್ತರಗಳಲ್ಲಿ ಎಂಟೊಂಬತ್ತು ಮೀಟರ್ ಏರಿದರೆ ಒತ್ತಡ ಸುಮಾರು ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಮೋಡ ಕವಿದು ಹವೆ ಬದಲಾದರೂ ಒತ್ತಡ ಇಳಿಯುತ್ತದೆ, ಆಗ ವಾಚು ನೀವು ಕೂತಲ್ಲೇ ಮೇಲೇರಿದಿರಿ ಅಂದುಕೊಳ್ಳುತ್ತದೆ. ಹೊರಡುವ ಜಾಗದ ಎತ್ತರವನ್ನು ಮೊದಲೇ ಸರಿಪಡಿಸಿಕೊಂಡರೆ ಈ ಗೊಂದಲ ಕಡಿಮೆ. ಇದೇ ಸೆನ್ಸರ್‌ನಿಂದ ಇನ್ನೊಂದು ಲಾಭ ಇದೆ. ಸೂಂಟೋ ವಾಚುಗಳಲ್ಲಿ ಮೂರು ಗಂಟೆಯಲ್ಲಿ ಒತ್ತಡ 4 ಹೆಕ್ಟೊಪ್ಯಾಸ್ಕಲ್ ಕುಸಿದರೆ ಬಿರುಗಾಳಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಇದೆ, ಬೇರೆ ಕಂಪನಿಗಳಲ್ಲೂ ಇಂಥದ್ದು ಇದೆ. ಶೇಷ ಪರ್ವತದ ಬೋಳು ನೆತ್ತಿಯ ಮೇಲೆ ಗುಡುಗು ಸಿಡಿಲಿಗೆ ಸಿಕ್ಕಿಕೊಂಡವರಿಗೆ ಇದರ ಬೆಲೆ ಗೊತ್ತು.

ಇನ್ನು ಪರದೆ. ಅಮೋಲೆಡ್ ಪರದೆ ಅಂಗಡಿಯಲ್ಲಿ ಗೆಲ್ಲುತ್ತದೆ, ಬಣ್ಣಬಣ್ಣವಾಗಿ ಫೋನಿನ ಥರವೇ ಇರುತ್ತದೆ. ಎಂಐಪಿ ಅನ್ನೋ ಇನ್ನೊಂದು ಬಗೆ ಅಂಗಡಿಯ ಬೆಳಕಲ್ಲಿ ಮಂಕು, ಹಳೇ ಕ್ಯಾಲ್ಕುಲೇಟರ್ ನೆನಪಾಗುತ್ತದೆ. ಆದರೆ ಬಿಸಿಲು ಬಿದ್ದಷ್ಟೂ ಅದು ಸ್ಪಷ್ಟ, ಬ್ಯಾಟರಿಯನ್ನೂ ಕಡಿಮೆ ಬಳಸುತ್ತದೆ. ಗಾರ್ಮಿನ್ ಫೋರ್‌ರನ್ನರ್ 255ಕ್ಕೆ ಎಂಐಪಿ ಪರದೆ, ಬರೀ ಜಿಪಿಎಸ್‌ನಲ್ಲಿ 30 ಗಂಟೆ. ಅದರ ನಂತರ ಬಂದ 265ಕ್ಕೆ ಅಮೋಲೆಡ್, 20 ಗಂಟೆ. ಒಂದು ದಿನದ ಕುಮಾರ ಪರ್ವತಕ್ಕೆ ಎರಡೂ ಸಾಕು. ಹೊಸದು ಎಲ್ಲದರಲ್ಲೂ ಮೇಲು ಅಂತ ತಿಳಿಯಬೇಡಿ ಅನ್ನೋದಕ್ಕೆ ಇದನ್ನು ಹೇಳಿದೆ.

ಗುಂಡಿಗಳಿರುವ ವಾಚೇ ತಗೊಳ್ಳಿ ಅಂತ ನಾನು ಹಠ ಹಿಡೀತೀನಿ. ನಮ್ಮ ಮೂವರಲ್ಲಿ ಒಬ್ಬನ ವಾಚಿನಲ್ಲಿ ಮುಟ್ಟುವ ಪರದೆಯದ್ದೇ ಆಟ. ಭಟ್ಟರ ಮನೆ ದಾಟುವ ಹೊತ್ತಿಗೆ ಅವನ ಮುಂಗೈ ಬೆವರಿಗೆ ಪರದೆ ತಾನೇ ಏನೇನೋ ಒತ್ತಿಕೊಂಡು ರೆಕಾರ್ಡಿಂಗ್ ನಿಂತೇ ಹೋಗಿತ್ತು. ಮಳೆ ಬಂದರಂತೂ ಕೇಳಲೇಬೇಡಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಇಂಬಳ ಕೀಳೋ ಕೆಲಸ, ಆಗ ಪರದೆ ಒರೆಸಿ ಬೆರಳು ಜಾರಿಸೋಕೆ ಪುರುಸೊತ್ತು ಎಲ್ಲಿ?

ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ ತೋರಿಸುವುದು. ಶೇಷ ಪರ್ವತದ ಮೇಲೆ ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನವನು ಕಾಣೋದಿಲ್ಲ, ಹುಲ್ಲಿನ ನಡುವೆ ಕಾಲುದಾರಿ ಎರಡಾಗಿ ಒಡೆದು ಹೋದ ಹಾಗೆ ಅನ್ನಿಸುತ್ತದೆ. ಆಗ ಪೂರ್ತಿ ನಕ್ಷೆ ಇರುವ ದುಬಾರಿ ವಾಚೇ ಬೇಕಾ? ನನ್ನ ಅನುಭವದಲ್ಲಿ ಬೇಕಿಲ್ಲ. ಒಂದು ಖಾಲಿ ಪರದೆ ಮೇಲೆ ದಾರಿಯ ಗೆರೆ, ಅದರ ಮೇಲೆ ನೀವು ಒಂದು ಬಾಣದ ಗುರುತು, ಇಷ್ಟು ತೋರಿಸಿದರೂ ವಾಪಸ್ ಬರಬಹುದು. ಫೋರ್‌ರನ್ನರ್ 255, ಪೇಸ್ 3 ಎರಡರಲ್ಲೂ ಇರೋದು ಈ ಗೆರೆಯೇ. ದಾರಿಗಳು ಕವಲೊಡೆಯುವ ಹಿಮಾಲಯದ ಕಣಿವೆಗೆ ಒಬ್ಬರೇ ಹೋಗುವವರಾದರೆ ನಕ್ಷೆಗೆ ದುಡ್ಡು ಹಾಕಿ, ಫೋರ್‌ರನ್ನರ್ 955, ಫೀನಿಕ್ಸ್ ಥರದವು ಇವೆ. ಯಾವುದಾದರೂ ಸರಿ, ದಾರಿಯ ಜಿಪಿಎಕ್ಸ್ ಫೈಲನ್ನು ಮನೆಯಲ್ಲೇ ವಾಚಿಗೆ ಹಾಕಿಕೊಳ್ಳಬೇಕು. ಕಾಡಿನಲ್ಲಿ ನೆಟ್‌ವರ್ಕ್ ನಂಬಿಕೊಂಡರೆ ಆಗಲ್ಲ.

ನೆಟ್‌ವರ್ಕ್ ಅಂದಾಗ ಇನ್ನೊಂದು ಮಾತು. "ಬಿದ್ದರೆ ವಾಚೇ ಮನೆಗೆ ಮೆಸೇಜ್ ಕಳಿಸುತ್ತೆ" ಅಂತ ಹೆಂಡತಿಗೆ, ಅಮ್ಮನಿಗೆ ಧೈರ್ಯ ಹೇಳಿ ಹೊರಡುವವರು ಇದ್ದಾರೆ. ಸಾಮಾನ್ಯವಾಗಿ ಆ ಮೆಸೇಜ್ ಹೋಗೋದು ನಿಮ್ಮ ಜೇಬಿನ ಫೋನಿನ ಮೂಲಕ. ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ವಾಚು ಮೂಕ. ಉಪಗ್ರಹದ ಮೂಲಕವೇ ಸಂದೇಶ ಕಳಿಸುವ ಸಾಧನಗಳು ವಿದೇಶದಲ್ಲಿ ಧಾರಾಳವಾಗಿ ಸಿಗುತ್ತವೆ, ಕೆಲವು ಹೊಸ ವಾಚುಗಳಲ್ಲೇ ಆ ಸೌಲಭ್ಯ ಬಂದಿದೆ. ಆದರೆ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಉಪಗ್ರಹ ಫೋನು, ಉಪಗ್ರಹ ಸಂದೇಶ ಸಾಧನ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರು ಸಿಕ್ಕಿಬಿದ್ದದ್ದು ಸುದ್ದಿಯಾಗಿದೆ. ಅಮೆರಿಕದ ಭಾವನೋ ತಮ್ಮನೋ "ಟ್ರೆಕ್ಕಿಂಗ್‌ಗೆ ಬೇಕಾಗುತ್ತೆ" ಅಂತ ಪ್ರೀತಿಯಿಂದ ತಂದುಕೊಡುವ ಮೊದಲೇ ಫೋನ್ ಮಾಡಿ ಬೇಡ ಅನ್ನಿ. ಎಲ್ಲಿಗೆ ಹೋಗ್ತಿದೀನಿ, ಎಷ್ಟು ಹೊತ್ತಿಗೆ ಇಳೀತೀನಿ ಅಂತ ಮನೆಯಲ್ಲಿ ಒಂದು ಚೀಟಿ ಬರೆದಿಟ್ಟು ಹೋಗೋದು ಈಗಲೂ ಒಳ್ಳೆಯ ವ್ಯವಸ್ಥೆ.

ಬೆಟ್ಟಕ್ಕೆ ಹೋಗೋದು ವರ್ಷಕ್ಕೆ ಮೂರೋ ನಾಲ್ಕೋ ಸಲ. ಉಳಿದ ದಿನ ವಾಚಿನ ಕೆಲಸ ತರಬೇತಿ. ಬೆಂಗಳೂರಿನಲ್ಲಿ ನಮ್ಮ ತರಬೇತಿ ಅಂದರೆ ವಾರದ ದಿನ ಕಬ್ಬನ್ ಪಾರ್ಕಿನಲ್ಲೋ ತುರಹಳ್ಳಿ ಕಾಡಿನಲ್ಲೋ ಓಟ, ಭಾನುವಾರ ನಂದಿಬೆಟ್ಟಕ್ಕೆ ಸೈಕಲ್. ಈಜು ಕಲಿತವರು ಈಜುಕೊಳದಲ್ಲಿ ವಾಚಿಗೆ ಕೊಳದ ಉದ್ದ 25 ಮೀಟರೋ 50 ಮೀಟರೋ ಅಂತ ಹೇಳಬೇಕು. ನೀರೊಳಗೆ ಜಿಪಿಎಸ್ ಸಂಕೇತ ಇಳಿಯೋದಿಲ್ಲ, ನೀವು ಗೋಡೆ ಒದ್ದು ತಿರುಗಿದ್ದನ್ನು ಚಲನೆಯಿಂದಲೇ ಗುರುತಿಸಿ ಸುತ್ತು ಎಣಿಸುತ್ತದೆ. ಮಲ್ಟಿಸ್ಪೋರ್ಟ್ ಅನ್ನೋ ಪದಕ್ಕೆ ನಿಜವಾದ ಅರ್ಥ ಈಜು, ಸೈಕಲ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ, ಗುಂಡಿ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುವುದು. ಟ್ರಯಥ್ಲಾನ್ ಮಾಡುವವರಿಗೆ ಅದು ಬೇಕು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಅದರ ಗುಂಡಿಯನ್ನು ಒಮ್ಮೆಯೂ ಒತ್ತುವುದಿಲ್ಲ, ಆದರೆ ಅದಕ್ಕೆ ದುಡ್ಡು ಕೊಟ್ಟಿರುತ್ತೇವೆ. ನಾನೂ ಸೇರಿ ಅನ್ನಿ.

ಇಷ್ಟು ಹೊತ್ತು "ಯಾವ ಬೆಟ್ಟಕ್ಕೆ" ಅನ್ನೋ ಪ್ರಶ್ನೆ ಆಯ್ತು. "ಯಾರ ಜೊತೆ" ಅಂತ ಕೇಳೋಕೆ ಕಾರಣ ನಮ್ಮಪ್ಪ.

ಅಪ್ಪ ಹಾಸನದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವರು, ಈಗ 62. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಇದೆಯಲ್ಲ, ಅದರ ದೊಡ್ಡ ದೊಡ್ಡ ಡಿಶ್‌ಗಳನ್ನು ಮಕ್ಕಳಿಗೆ ತೋರಿಸಿ ಪಾಠ ಮಾಡುತ್ತಿದ್ದರು. ನಾನು ಜಿಪಿಎಸ್ ಅಂದರೆ ಅವರು ಬಿಡದೆ "ನಮ್ಮದೇ ನಾವಿಕ್ ಇದೆಯಲ್ಲೋ" ಅಂತಾರೆ. ನಿಜ. ನಾವಿಕ್ ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನಕ್ಕೆ ಪಾಲಿದೆ, ಅದರ ಸಂಚಾರ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಆ ಪೀಳಿಗೆಯವು ಬಳಸುತ್ತಿದ್ದ ಆವರ್ತನಗಳಲ್ಲಿ ಎಲ್1 ಇರಲಿಲ್ಲ, ಕೈಗಡಿಯಾರದಂಥ ಪುಟ್ಟ ಸಾಧನಗಳು ಹೆಚ್ಚಾಗಿ ಕೇಳಿಸಿಕೊಳ್ಳುವುದು ಅದನ್ನೇ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಎಲ್1 ಸೇರಿಸಿದ್ದಾರೆ. ಇದನ್ನು ಹೇಳಿದಾಗ ಅಪ್ಪ "ಹಂಗಾದ್ರೆ ಇನ್ನು ಸ್ವಲ್ಪ ದಿನ ಅಷ್ಟೇ" ಅಂದು ಪೇಪರ್ ತಿರುಗಿಸಿದರು.

ಎರಡೂವರೆ ವರ್ಷದ ಹಿಂದೆ ಅವರಿಗೆ ಎದೆನೋವು ಬಂದು ಒಂದು ಸ್ಟೆಂಟ್ ಹಾಕಿದರು. ಆಮೇಲೆ ಮನೆಯಲ್ಲಿ ಎಲ್ಲರೂ ಅವರನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳೋಕೆ ಶುರು ಮಾಡಿದೆವು. ಅಮ್ಮ ಮಾಳಿಗೆ ಮೆಟ್ಟಿಲು ಹತ್ತೋಕೂ ಬಿಡುತ್ತಿರಲಿಲ್ಲ. ಅವರಿಗೋ ಒಂದೇ ಆಸೆ. ಕಾಲೇಜು ದಿನಗಳಲ್ಲಿ ಕುಕ್ಕೆಗೆ ಹೋದಾಗ ಗಿರಿಗದ್ದೆವರೆಗೆ ಹತ್ತಿದ್ದರಂತೆ, ಇನ್ನೊಂದು ಸಲ ಅಲ್ಲಿವರೆಗೆ ಹೋಗಬೇಕು. ಶಿಖರ ಬೇಡ, ಭಟ್ಟರ ಮನೆವರೆಗೆ ಸಾಕು. ಅಮ್ಮ ಎರಡು ದಿನ ಮಾತು ಬಿಟ್ಟರು. ಕೊನೆಗೆ ಮೂವರೂ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ನಾಲ್ಕು ತಿಂಗಳು ನಿಧಾನವಾಗಿ ನಡಿಗೆ ಹೆಚ್ಚಿಸಿ, ಆಮೇಲೆ ಹೋಗಬಹುದು ಅಂದರು. ಹೃದಯ ಬಡಿತ ನಿಮಿಷಕ್ಕೆ 105 ದಾಟಬಾರದು, ದಾಟಿದರೆ ನಿಲ್ಲಬೇಕು. ನಾನು ಖುಷಿಯಿಂದ "ವಾಚ್ ಕೊಡಿಸ್ತೀನಿ ಸರ್, ಅದೇ ನೋಡಿಕೊಳ್ಳುತ್ತೆ" ಅಂದೆ. ಅವರು ಒಂದು ಮಾತು ಕೇಳಿದರು, "ನಿಮ್ಮ ವಾಚಿಗೆ ಇವರು ಯಾವ ಮಾತ್ರೆ ತಗೋತಾರೆ ಅಂತ ಗೊತ್ತಾ?"

ಅಪ್ಪ ತಗೊಳ್ಳುವುದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ. ಅದು ಹೃದಯದ ಬಡಿತವನ್ನೇ ತಗ್ಗಿಸಿ ಇಡುತ್ತದೆ, ಎಷ್ಟು ಶ್ರಮ ಪಟ್ಟರೂ ಬಡಿತ ಮೊದಲಿನಷ್ಟು ಏರುವುದಿಲ್ಲ. ವಾಚುಗಳೋ, ನಾವು ಬೇರೆ ಸಂಖ್ಯೆ ಕೊಡದಿದ್ದರೆ ವಯಸ್ಸಿನಿಂದ ಲೆಕ್ಕ ಹಾಕುತ್ತವೆ. ಎಲ್ಲರಿಗೂ ಗೊತ್ತಿರುವ ಸೂತ್ರ 220ರಲ್ಲಿ ವಯಸ್ಸು ಕಳೆಯುವುದು. ಅಪ್ಪನಿಗೆ 158 ಬರುತ್ತದೆ. ಆ ಲೆಕ್ಕದಲ್ಲಿ 105 ಅಂದರೆ ಶೇಕಡ 66, ಹಗುರ ವ್ಯಾಯಾಮ. ಪರದೆ ಮೇಲೆ ತಣ್ಣಗೆ "ಈಸಿ" ಅಂತ ಬರುತ್ತದೆ. ಡಾಕ್ಟರು ನಿಲ್ಲಿ ಅಂದ ಜಾಗದಲ್ಲಿ ವಾಚು ಇನ್ನೂ ಸ್ವಲ್ಪ ಜೋರಾಗಿ ನಡೀರಿ ಅನ್ನುತ್ತಿರುತ್ತದೆ! ಹಿರಿಯರಿಗೆ ವಾಚು ಕೊಡಿಸುವ ಮಕ್ಕಳೆಲ್ಲ ದಯವಿಟ್ಟು ಇದೊಂದನ್ನು ಗಮನಿಸಿ. ಗರಿಷ್ಠ ಬಡಿತ ಅನ್ನೋ ಜಾಗದಲ್ಲಿ ಡಾಕ್ಟರು ಕೊಟ್ಟ ಸಂಖ್ಯೆ ಹಾಕೋಕೆ, ಒಂದು ಮಿತಿ ದಾಟಿದರೆ ಕೈ ನಡುಗುವ ಹಾಗೆ ಎಚ್ಚರಿಸೋಕೆ ಆ ವಾಚಿನಲ್ಲಿ ಆಗುತ್ತಾ ಅಂತ ಅಂಗಡಿಯಲ್ಲೇ ಕೇಳಿ, ಅಲ್ಲೇ ಮಾಡಿ ನೋಡಿ.

ಇನ್ನೊಂದು ವಿಷಯ, ಮಣಿಕಟ್ಟಿನ ಹಸಿರು ಬೆಳಕು. ಅದು ಚರ್ಮದ ಕೆಳಗಿನ ರಕ್ತದ ಹರಿವಿನ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ವಾಚು ಸಡಿಲವಾಗಿದ್ದರೆ, ಚಳಿಯಲ್ಲಿ ಕೈ ತಣ್ಣಗಾದರೆ, ಊರುಗೋಲು ಹಿಡಿದು ಮಣಿಕಟ್ಟು ಬಾಗಿದರೆ ಲೆಕ್ಕ ತಪ್ಪುತ್ತದೆ. ಕೆಲವೊಮ್ಮೆ ಹೆಜ್ಜೆಯನ್ನೇ ಬಡಿತ ಅಂತ ಎಣಿಸುವುದೂ ಉಂಟು. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಆದ್ದರಿಂದ ಹೆಚ್ಚು ನಂಬಬಹುದು. ಅಪ್ಪನಿಗೆ ನಾನು ಕೊಡಿಸಿದ್ದು ಮಧ್ಯಮ ಬೆಲೆಯ, ಗುಂಡಿಗಳಿರುವ, ದೊಡ್ಡ ಅಂಕಿ ಕಾಣುವ ವಾಚು. ಮೇಲಿನ ಮಾದರಿಗೆ ಕೊಡಬೇಕಾಗಿದ್ದ ದುಡ್ಡಿನಲ್ಲಿ ಎದೆಪಟ್ಟಿ ತಗೊಂಡೆ, ಆಮೇಲೂ ದುಡ್ಡು ಮಿಕ್ಕಿತು. ಪರದೆ ಮೇಲೆ ಮೂರೇ ಅಂಕಿ ಇಟ್ಟೆವು: ಬಡಿತ, ಸಮಯ, ಎತ್ತರ.

ಡಾಕ್ಟರು ವಾಚಿಲ್ಲದ ಒಂದು ಅಳತೆಯನ್ನೂ ಹೇಳಿದ್ದರು. ನಡೆಯುವಾಗ ಉಸಿರು ಕಟ್ಟದೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿರಬೇಕು. ಮೇಷ್ಟ್ರಿಗೆ ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ ಅಂತ ಅಮ್ಮ ಅಂದರು.

ನಾಲ್ಕು ತಿಂಗಳು ಹಾಸನದ ಮಹಾರಾಜ ಪಾರ್ಕಿನಲ್ಲಿ ಸುತ್ತಿದ ಮೇಲೆ, ಡಾಕ್ಟರು ಇನ್ನೊಮ್ಮೆ ನೋಡಿ ಒಪ್ಪಿದ ಮೇಲೆ, ಡಿಸೆಂಬರಿನ ಒಂದು ಬೆಳಗ್ಗೆ ನಾವಿಬ್ಬರೂ ಕುಕ್ಕೆಯಿಂದ ಹೊರಟೆವು. ನಾಲಿಗೆ ಕೆಳಗಿಡುವ ಮಾತ್ರೆ ನನ್ನ ಮೇಲಿನ ಜೇಬಿನಲ್ಲಿ, ಇನ್ನೊಂದು ಅವರ ಜೇಬಿನಲ್ಲಿ. ಹುಡುಗರ ಗುಂಪುಗಳು ಹಾಡು ಹಾಕಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದವು. ಅಪ್ಪ ಮರ ತೋರಿಸುತ್ತಾ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಈಗ ಕಾಂಟ್ರಾಕ್ಟರ್ ಆಗಿರುವ ಶಿಷ್ಯನ ಕಥೆ ಹೇಳುತ್ತಾ ನಡೆಯುತ್ತಿದ್ದರು. ಬಡಿತ 92, 96. ವಾಚು ಎರಡು ಸಲ ನಡುಗಿತು, ಎರಡು ಸಲವೂ ನಿಂತೆವು.

ಭೀಮನ ಕಲ್ಲಿಗೆ ಸ್ವಲ್ಪ ಮೊದಲು ಒಂದು ಕಡಿದಾದ ಏರು. ಕಥೆ ಅರ್ಧಕ್ಕೆ ನಿಂತಿತು. ನಾನು ಹಿಂದಿನಿಂದ "ಆಮೇಲೆ ಏನಾಯ್ತಪ್ಪ?" ಅಂದೆ. ಉತ್ತರ ಇಲ್ಲ. ವಾಚು ನೋಡಿದರೆ 101, ಮಿತಿಯೊಳಗೇ ಇದೆ. ಎದೆಪಟ್ಟಿಯ ಲೆಕ್ಕ, ಸರಿಯಾದ ಲೆಕ್ಕವೇ. ಆದರೆ ಮುಖದಲ್ಲಿ ಬಣ್ಣ ಇರಲಿಲ್ಲ. ಕೈ ಹಿಡಿದು ಬೇರಿನ ಮೇಲೆ ಕೂರಿಸಿದೆ. "ಎದೆ ನೋಯ್ತಿದೆಯಾ?" ಇಲ್ಲ ಅಂತ ತಲೆ ಅಲ್ಲಾಡಿಸಿದರು. ನನಗೆ ಆ ಹೊತ್ತಿನಲ್ಲಿ ನೆಟ್‌ವರ್ಕ್ ಇಲ್ಲ, ಕೆಳಗೆ ಹೋಗೋಕೆ ಒಂದು ಗಂಟೆ ಬೇಕು, ಮೇಲೆ ಅರಣ್ಯ ಇಲಾಖೆಯವರು ಇರೋದು ಇನ್ನೂ ದೂರ ಅನ್ನೋ ಮೂರು ಲೆಕ್ಕ ಒಟ್ಟಿಗೆ ತಲೆಯಲ್ಲಿ ಓಡಿದವು. ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದೆ, ಬೆಲ್ಲದ ಚೂರು ಕೊಟ್ಟೆ. ಐದು ನಿಮಿಷ, ಹತ್ತು ನಿಮಿಷ. ಬಡಿತ 78ಕ್ಕೆ ಇಳಿಯಿತು. ನಾನು ಮಾತ್ರ ಅಂಕಿ ನೋಡುವುದನ್ನು ಬಿಟ್ಟು ಅವರ ತುಟಿ ನೋಡುತ್ತಿದ್ದೆ.

"ಆಮೇಲೆ ಅವನು ಪೀಡಬ್ಲ್ಯೂಡಿ ಟೆಂಡರ್ ಹಿಡಿದ ಕಣೋ" ಅಂದರು ಅಪ್ಪ.

ವಾಪಸ್ ಹೋಗೋಣ ಅಂದೆ. ಅರ್ಧ ಗಂಟೆ ಕೂತು ನೋಡೋಣ, ಆಮೇಲೂ ನಿನಗೆ ಹಾಗೇ ಅನ್ನಿಸಿದರೆ ಇಳಿಯೋಣ ಅಂದರು. ಇಬ್ಬರೂ ಕೂತೆವು. ಬೆಳಗ್ಗೆ ಬೇಗ ಹೊರಡುವ ಆತುರದಲ್ಲಿ ಅವರು ತಿಂದದ್ದು ಬರೀ ಒಂದು ಇಡ್ಲಿ ಅಂತ ಆಗ ಬಾಯಿಬಿಟ್ಟರು. ಅವಲಕ್ಕಿ ಪೊಟ್ಟಣ ಬಿಚ್ಚಿ ಪೂರ್ತಿ ತಿಂದರು. ಮುಖಕ್ಕೆ ಬಣ್ಣ ಬಂತು, ಮಾತೂ ಬಂತು, ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿದರು. ವಾಚಿನ ಎಚ್ಚರಿಕೆಯನ್ನು 105ರಿಂದ 95ಕ್ಕೆ ಇಳಿಸಿ ಮತ್ತೆ ಹೊರಟೆವು. ಇಪ್ಪತ್ತು ಹೆಜ್ಜೆ, ನಿಲ್ಲು. ಇಪ್ಪತ್ತು ಹೆಜ್ಜೆ, ನಿಲ್ಲು. ಒಂದು ಗಂಟೆ ಮುಂಚೆ ನಮ್ಮನ್ನು ದಾಟಿ ಹೋಗಿದ್ದ ಹುಡುಗರಲ್ಲಿ ಇಬ್ಬರು ಕಾಲು ಉಳುಕಿ ವಾಪಸ್ ಬರುತ್ತಿದ್ದರು. ಅಪ್ಪ ಅವರಿಗೆ ಉಳಿದ ಬೆಲ್ಲ ಕೊಟ್ಟರು.

ಗಿರಿಗದ್ದೆ ತಲುಪಿದಾಗ ಹನ್ನೆರಡೂವರೆ. ಬೇರೆಯವರು ಎರಡೂವರೆ ಗಂಟೆಯಲ್ಲಿ ಬರುವ ದಾರಿಗೆ ನಮಗೆ ಆರು ಗಂಟೆ ಹಿಡಿದಿತ್ತು. ವಾಚು 5.8 ಕಿ.ಮೀ. ಅಂದಿತು. ವೇಗ ಕಡಿಮೆ ಇದೆ ಅಂತ ತನ್ನದೇ ಭಾಷೆಯಲ್ಲಿ ಏನೋ ಟೀಕೆಯನ್ನೂ ಬರೆದಿತ್ತು. ಅಪ್ಪ ಕನ್ನಡಕ ಹಾಕಿ ಓದಿ, "ಇದಕ್ಕೆ ಸುಮ್ಮನಿರೋಕೆ ಹೇಳೋ" ಅಂದರು. ಆ ಸಲಹೆಗಳನ್ನೆಲ್ಲ ಆಫ್ ಮಾಡುವ ಸೆಟ್ಟಿಂಗ್ ಇದೆ, ಅಲ್ಲೇ ಮಾಡಿದೆ. ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಊಟ ಮಾಡಿದೆವು. ಅಂಗಳದಿಂದ ಶೇಷ ಪರ್ವತ ಮಂಜಿಲ್ಲದೆ ಪೂರ್ತಿ ಕಾಣುತ್ತಿತ್ತು. ಅಪ್ಪ ಅದನ್ನು ನೋಡುತ್ತಾ ತುಂಬ ಹೊತ್ತು ಕೂತಿದ್ದರು, ಮೇಲೆ ಹೋಗೋಣ ಅಂತ ಮಾತ್ರ ಅನ್ನಲಿಲ್ಲ.

ಇಳಿಯುವಾಗ ಬಡಿತ 85 ದಾಟಲಿಲ್ಲ, ಮಂಡಿಗಳು ಮಾತ್ರ ಬೈದವು. ಅದನ್ನು ಅಳೆಯುವ ಸೆನ್ಸರ್ ಯಾವ ಕಂಪನಿಯದ್ದರಲ್ಲೂ ಇಲ್ಲ. ಮಾರನೇ ವಾರ ಡಾಕ್ಟರಿಗೆ ವಾಚಿನ ದಾಖಲೆ ತೋರಿಸಿದೆವು. ಬಡಿತದ ಗೆರೆಯನ್ನು ಬೇಗ ನೋಡಿ ಮುಗಿಸಿದರು, ಭೀಮನ ಕಲ್ಲಿನ ಹತ್ತಿರ ಮಾತು ನಿಂತದ್ದರ ಬಗ್ಗೆ ಮಾತ್ರ ಹತ್ತು ನಿಮಿಷ ಕೇಳಿದರು. ಮಾತ್ರೆಯ ಪ್ರಮಾಣ ಸ್ವಲ್ಪ ಬದಲಿಸಿದರು, ಖಾಲಿ ಹೊಟ್ಟೆಯಲ್ಲಿ ಏರು ಹತ್ತಬೇಡಿ ಅಂದರು.

ಈಗ ಅಪ್ಪ ದಿನಾ ಬೆಳಗ್ಗೆ ಪಾರ್ಕಿನಲ್ಲಿ ನಾಲ್ಕು ಕಿಲೋಮೀಟರ್ ನಡೀತಾರೆ. ಅಲ್ಲಿಯ ವಾಕಿಂಗ್ ಗೆಳೆಯರು ಒಬ್ಬೊಬ್ಬರೇ ಇಂಥದ್ದೇ ವಾಚು ಕೊಳ್ಳುವ ಯೋಚನೆಯಲ್ಲಿದ್ದಾರೆ, ಯಾವುದು ಒಳ್ಳೇದು ಅಂತ ಅಪ್ಪನನ್ನು ಕೇಳ್ತಾರಂತೆ. "ಮೊದಲು ಯಾವ ಮಾತ್ರೆ ತಗೋತೀರ ಹೇಳಿ" ಅಂತ ಶುರು ಮಾಡ್ತಾರಂತೆ ಮೇಷ್ಟ್ರು. ಚಾರ್ಜ್ ಮಾಡೋದು ಮಾತ್ರ ಅಮ್ಮನ ಕೆಲಸ. ವಾರಕ್ಕೊಮ್ಮೆ, ಭಾನುವಾರ ಸ್ನಾನದ ಹೊತ್ತಿನಲ್ಲಿ, ಅಡುಗೆಮನೆಯ ಮಿಕ್ಸಿ ಪ್ಲಗ್ಗಿನಲ್ಲಿ.